ಪದ ಬೇಕು: ‘ಅವಕಾಶವಾದಿ ಸೋಂಕು’ ಬಿಟ್ಟು ಬೇರೇನು?

ನಾಳೆ ಬೆಳಗ್ಗೆ ಒಂದು ಪುಟದ ಕರಪತ್ರ ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಹೋಗಬೇಕು, ಒಂದು ಪದ ಸಿಕ್ಕಿಲ್ಲ. ಲೂಪಸ್, ಸಂಧಿವಾತದಂಥ ಕಾಯಿಲೆಗೆ ರಿಟುಕ್ಸಿಮಾಬ್ ಅನ್ನುವ ಔಷಧಿ ಹಾಕಿಸಿಕೊಳ್ಳುವವರಿಗಾಗಿ ಬರೆದದ್ದು. ಇವರಲ್ಲಿ ತೀರಾ ಅಪರೂಪಕ್ಕೆ ಪಿಎಂಎಲ್ ಅನ್ನುವ ಮಿದುಳಿನ ಕಾಯಿಲೆ ಬರುತ್ತದೆ. ಕಾರಣ ಜೆಸಿ ವೈರಸ್. ತುಂಬಾ ಜನರ ಮೈಯಲ್ಲಿ ಅದು ಸುಮ್ನೆ ಮಲಗಿರುತ್ತದೆ, ಕಿಡ್ನಿಯಲ್ಲೂ ಇರುತ್ತದೆ. ಔಷಧಿಯಿಂದ ಮೈಕಾವಲು, ಅಂದರೆ ರೋಗನಿರೋಧಕ ಶಕ್ತಿ, ಸಡಿಲವಾದಾಗ ಎದ್ದು, ಮಿದುಳಿನಲ್ಲಿ ನರದೆಳೆಗಳಿಗೆ ಹೊದಿಕೆ ಕಟ್ಟುವ ಕೋಶಗಳನ್ನೇ ಕೊಲ್ಲುತ್ತದೆ. ಇದಕ್ಕೆ ‘ಅವಕಾಶವಾದಿ ಸೋಂಕು’ ಅಂತ ಬರೆದಿದ್ದೆ. ಲೂಪಸ್ ಇರುವ ನನ್ನ ತಂಗಿ ಓದುತ್ತಾ ಬಂದು ಆ ಪದದ ಮೇಲೆ ಬೆರಳಿಟ್ಟು ನಿಂತಳು. ‘ಇದು ಪಕ್ಷ ಬದಲಿಸೋರಿಗೆ ಹೇಳೋ ಮಾತಲ್ವಾ?’ ಅಂದಳು. ‘ಹೊಂಚು ಸೋಂಕು’ ನಡೆಯುತ್ತದಾ?

ಮರು:
ನಡೆಯಲ್ಲ. ಸೋಂಕು ಅಂದರೆ ಮೂಲದಲ್ಲಿ ಮುಟ್ಟುವುದು, ತಾಕುವುದು. ಗಾಳಿ ಸೋಂಕುತ್ತದೆ, ಕೈ ಸೋಂಕುತ್ತದೆ. ಒಳಗೇ ಇದ್ದದ್ದು ಎದ್ದರೆ ಯಾವುದು ಯಾವುದನ್ನು ಸೋಂಕಿತು? ‘ಒಳಬೇನೆ’ ಅನ್ನಿ. ‘ಮಿದುಳು’ ಬರೆದಿದ್ದೀರಿ, ಸಂತೋಷ. ಈ ಗುಂಪಿನಲ್ಲಿ ಅರ್ಧ ಜನ ‘ಮೆದುಳು’ ಅಂತಲೇ ಬರೆಯುತ್ತಾರೆ, ಎಷ್ಟು ಸಲ ಹೇಳಬೇಕು?

ಮರು:
ತೆಲುಗಿನವರು ಮೆದಡು ಅನ್ನುತ್ತಾರೆ, ನಮ್ಮಲ್ಲಿ ಎರಡೂ ರೂಪ ಇವೆ. ಆ ಜಗಳ ಬಿಡಿ. ‘ಒಳಬೇನೆ’ ಅಂದರೆ ಜನ ಹೊಟ್ಟೆನೋವು ಅಂದುಕೊಳ್ಳುತ್ತಾರೆ. 2020ರಲ್ಲಿ ‘ಸೋಂಕು’ ಮನೆಮನೆ ಮಾತಾಯಿತು, ಈಗ ಅದರ ಹಳೇ ಅರ್ಥ ಹಿಡಿದು ಕಿತ್ತುಕೊಳ್ಳಬೇಡಿ. ವೈರಸ್, ಕಿಡ್ನಿ, ಸ್ಕ್ಯಾನ್ ಎಲ್ಲಾ ನಮ್ಮ ಪದಗಳೇ. ಜೆಸಿ ಅಂತೂ ಒಬ್ಬ ರೋಗಿಯ ಹೆಸರಿನ ಮೊದಲಕ್ಷರಗಳು, 1971ರಿಂದ ಇರುವ ಹೆಸರು, ಅದನ್ನು ಹಾಗೇ ಬಿಡಿ. ಕಾಯಿಲೆಯ ಗುರುತು ದೊಡ್ಡದಾಗಿ ಅಚ್ಚಾಗಲಿ: ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಇದು ದಿನದಿನಕ್ಕೆ ಜಾಸ್ತಿಯಾದರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು.

ಮರು:
ಶುದ್ಧಗನ್ನಡ ಬೇಡ ಅನ್ನುವವರೇ ಕನ್ನಡವನ್ನು ಈ ಸ್ಥಿತಿಗೆ ತಂದದ್ದು. ಇನ್ನು ಮಾತಿಲ್ಲ.

ಮರು:
ಇಬ್ಬರಿಗೂ ವಂದನೆ. ‘ಹೊಂಚು ಸೋಂಕು’ ಹಾಕಿ, ಪಕ್ಕದಲ್ಲೇ ‘ಮೈಕಾವಲು ತಗ್ಗಿದಾಗ ಏಳುವ ಸೋಂಕು’ ಅಂತ ಬಿಡಿಸಿ ಬರೆದೆ. ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು ಅನ್ನುವ ಸಾಲೂ ಸೇರಿಸಿದೆ, ಹೆದರಿ ಬಿಟ್ಟುಬಿಟ್ಟರೆ ಲೂಪಸ್ ಕೆರಳುತ್ತದೆ. ಇನ್ನೊಂದು ಅನುಮಾನ: ‘ಕಣ್ಣು ಮಂಜು’ ಅಂದರೆ ವಯಸ್ಸಾದವರು ಪೊರೆ ಅಂದುಕೊಂಡು ಸುಮ್ಮನಾಗುತ್ತಾರಲ್ವಾ? ಇದರಲ್ಲಿ ನೋಟದ ಒಂದು ಪಕ್ಕವೇ ಕಾಣದೆ ಹೋಗಬಹುದು. ‘ಒಂದು ಪಕ್ಕ ಕಾಣಿಸದಿರುವುದು’ ಅಂತ ಬದಲಿಸಲಾ? ಒಂಬತ್ತರೊಳಗೆ ಹೇಳಿ.