ಹುಲಿವೇಷದ ತಾಸೆ ವಾದ್ಯದ ಸದ್ದು ಕೇಳಿದ ಮೇಲೆ ನಾಯಿ ಮಂಚದಡಿ ಬಿಟ್ಟು ಬರುದಿಲ್ಲ, ಎಂತ ಮಾಡುದು ಡಾಕ್ಟ್ರೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೆ, ನಮ್ಮದು ಉಡುಪಿ ಹತ್ರ ಕಲ್ಯಾಣಪುರ. ನಮ್ಮಲ್ಲಿ ಒಂದು ಹೆಣ್ಣು ನಾಯಿ ಉಂಟು, ಬೊಗ್ಗಿ ಅಂತ ಹೆಸರು, ಊರ ನಾಯಿಯೇ, ಐದು ತಿಂಗಳ ಮರಿ ಇರುವಾಗ ಮಗಳು ಮೀನು ಮಾರ್ಕೆಟ್ ಹತ್ರದಿಂದ ತಂದದ್ದು. ಮೊದಲಿಂದಲೂ ಪುಕ್ಕಲು, ಮನೆಯವರ ಹತ್ರ ಮಾತ್ರ ಚೆಂದ ಇರ್ತಾಳೆ. ಈ ಸಲ ವಿಟ್ಲಪಿಂಡಿಗೆ (ಕೃಷ್ಣಾಷ್ಟಮಿ ಮರುದಿನದ ಹಬ್ಬ) ಹುಲಿವೇಷದವ್ರು ಅಂಗಳಕ್ಕೇ ಬಂದು ತಾಸೆ ಬಡಿದ್ರು, ಅದರ ಮೇಲೆ ಗರ್ನಾಲ್ ಪಟಾಕಿ ಬೇರೆ, ಆವತ್ತಿಂದ ಗೇಟ್ ಸದ್ದಾದ್ರೂ ಸಾಕು ಮಂಚದಡಿ ಹೋಗಿ ನಡುಗ್ತಾಳೆ. ಮೊನ್ನೆ ನಮ್ಮ ಭಾವ ಕಾಲರ್ ಹಿಡಿದು ಎಳೀಲಿಕ್ಕೆ ಹೋದಾಗ ಗುರ್ರ್ ಅಂದ್ಲು, ಇಷ್ಟರವರೆಗೆ ಯಾರಿಗೂ ಹಾಗೆ ಮಾಡಿದವಳಲ್ಲ. ಮಾವ ಹೇಳುದು ಅಂಗಳದಲ್ಲಿ ಕಟ್ಟಿಹಾಕಿ, ನಾಲ್ಕು ದಿನದಲ್ಲಿ ಅಭ್ಯಾಸ ಆಗ್ತದೆ ಅಂತ. ಯೂಟ್ಯೂಬಲ್ಲಿ ಒಬ್ರು ಹೇಳ್ತಾರೆ ಹೆದರಿದಾಗ ಮುದ್ದು ಮಾಡಿದ್ರೆ ಹೆದರಿಕೆ ಇನ್ನೂ ಜಾಸ್ತಿ ಆಗ್ತದೆ ಅಂತ. ಯಾವುದು ಸರಿ? ದೀಪಾವಳಿ ಬೇರೆ ಬರ್ತಾ ಉಂಟು.

ಉತ್ತರ (ಪಶುವೈದ್ಯರು): ನಮಸ್ಕಾರ ಮೇಡಂ. ಮೊದಲು ಆ ಗುರ್ರ್ ಅಂದದ್ದರ ಬಗ್ಗೆ ಹೇಳ್ತೇನೆ, ಅದಕ್ಕೆ ದಯವಿಟ್ಟು ಬೈಬೇಡಿ. ಬಾಲ ಕಾಲೊಳಗೆ, ಕಿವಿ ಹಿಂದೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವ ಹಾಗೆ ನೋಡುದು, ತಿಂಡಿ ಇಲ್ಲದೆಯೂ ತುಟಿ ನೆಕ್ಕುದು, ನಿದ್ದೆ ಬಾರದೆಯೂ ಆಕಳಿಸುದು, ಇದೆಲ್ಲ ಅವಳು "ಹತ್ರ ಬರಬೇಡಿ" ಅಂತ ಹೇಳಿದ್ದು. ಯಾರೂ ಕೇಳದೆ ಇದ್ದದ್ದಕ್ಕೆ ಗುರ್ರ್ ಅಂದದ್ದು. ಹೊಡೆದು ಬೈದು ಅದನ್ನು ನಿಲ್ಲಿಸಿದ್ರೆ ಹೆದರಿಕೆ ಹೋಗುದಿಲ್ಲ, ಎಚ್ಚರಿಕೆ ಮಾತ್ರ ಹೋಗ್ತದೆ, ಮತ್ತೆ ಒಂದು ದಿನ ಸೀದಾ ಕಚ್ತದೆ.

ಮಂಚದಡಿ ಅವಳಿಗೆ ಬಿಟ್ಟುಬಿಡಿ. ಅಲ್ಲಿಂದ ಯಾರೂ ಎಳೆಯುದು ಬೇಡ, ಒಂದು ಹಳೆ ಬೆಡ್‌ಶೀಟ್, ನೀರು ಅಲ್ಲೇ ಇಡಿ. ಅವಳಿಗೆ ದೂರ ಹೋಗ್ಲಿಕ್ಕೆ ಒಂದು ಜಾಗ ಉಂಟು ಅಂತ ಗ್ಯಾರಂಟಿ ಆದ್ರೆ ಮಾತ್ರ ಹತ್ರ ಬರುವ ಧೈರ್ಯ ಬರುದು. ಅಂಗಳದಲ್ಲಿ ಕಟ್ಟಿಹಾಕಿದ್ರೆ ಆ ಜಾಗವೇ ಹೋಯ್ತಲ್ಲ. ಕಟ್ಟಿಹಾಕಿದ ನಾಯಿ ನಾಲ್ಕು ದಿನದಲ್ಲಿ ಸುಮ್ಮನಾದ್ರೆ ಅದು ಅಭ್ಯಾಸ ಅಲ್ಲ, ಎಂತ ಮಾಡಿದ್ರೂ ಪ್ರಯೋಜನ ಇಲ್ಲ ಅಂತ ಕೈಬಿಟ್ಟದ್ದು. ಅದೂ ಅಲ್ಲದೆ ಗರ್ನಾಲ್ ಸದ್ದಿಗೆ ಎಗರಿದ್ರೆ ಸರಪಳಿ ಕುತ್ತಿಗೆಗೆ ಬಿಗಿಯುದುಂಟು. ಮಾವನವರಿಗೆ ಇದನ್ನು ಮೆಲ್ಲ ಹೇಳಿ, ಅವರೂ ನಾಯಿಯ ಒಳ್ಳೆದಕ್ಕೇ ಹೇಳುದು.

ಮುದ್ದು ಮಾಡಿದ್ರೆ ಹೆದರಿಕೆ ಜಾಸ್ತಿ ಆಗ್ತದೆ ಅಂಬುದು ಸುಳ್ಳು. ಹೆದರಿಕೆ ಅಂದ್ರೆ ಶೇಕ್‌ಹ್ಯಾಂಡ್ ಕೊಟ್ಟ ಹಾಗೆ ಬಿಸ್ಕೆಟಿಗಾಗಿ ಮಾಡುವ ಕೆಲಸ ಅಲ್ಲ. ಅವಳಾಗಿ ಬಂದು ಒರಗಿದ್ರೆ ಕೈ ಇಡಿ, ಮಾತಾಡಿ. ಬಾರದೆ ಇದ್ರೆ ನೀವು ಹೋಗಿ ತಬ್ಬಿ ಹಿಡಿಯುದು ಬೇಡ ಅಷ್ಟೆ.

ಮರಿಗೆ ಸುಮಾರು 3 ವಾರದಿಂದ 14 ವಾರದ ಒಳಗೆ ಕಂಡದ್ದು ಕೇಳಿದ್ದೆಲ್ಲ ಮಾಮೂಲಿ ಅಂತ ಮನಸ್ಸಿಗೆ ಕೂತ್ಕೊಳ್ತದೆ. ಬೊಗ್ಗಿ ನಿಮ್ಮಲ್ಲಿಗೆ ಬರುವಾಗ ಆ ಸಮಯ ಕಳೆದಾಗಿತ್ತು, ಹಾಗಾಗಿ ಮನೆಗೆ ಬರುವ ನೆಂಟರು ಅವಳಿಗೆ ಹೊಸತೇ. ಕಲಿಸ್ಲಿಕ್ಕೆ ಆಗ್ತದೆ, ಆದ್ರೆ ನಿಧಾನ. ಬಂದವರು ಅವಳನ್ನು ನೋಡ್ಲೂಬಾರದು, ಕೈ ಚಾಚ್ಲೂಬಾರದು, ಕೂತು ಚಾ ಕುಡೀಲಿ, ಮಧ್ಯೆ ಮಧ್ಯೆ ಒಂದು ತುಂಡು ಅವಳ ಕಡೆಗೆ ಬಿಸಾಡ್ಲಿ, ಕೈಯಿಂದ ಕೊಡುದು ಬೇಡ. ಯಾಕೆಂದ್ರೆ ತಿಂಡಿ ಆಸೆಗೆ ಹತ್ರ ಬಂದು, ತಿಂದಾದ ಮೇಲೆ ಅಪರಿಚಿತರ ಕಾಲಬುಡದಲ್ಲಿ ನಿಂತದ್ದು ಗೊತ್ತಾಗಿ ಗಾಬರಿಯಲ್ಲಿ ಕಚ್ಚುವ ನಾಯಿಗಳುಂಟು.

ಸದ್ದಿಗೂ ಹೀಗೆಯೇ. ತಾಸೆಯ ರೆಕಾರ್ಡಿಂಗ್ ಅವಳು ಕಿವಿ ಮಾತ್ರ ಅಲ್ಲಾಡಿಸುವಷ್ಟು ಸಣ್ಣಕ್ಕೆ ಹಾಕಿ, ಸದ್ದು ಬಂದ ಕೂಡಲೇ ತಿಂಡಿ, ಸದ್ದು ನಿಂತ್ರೆ ತಿಂಡಿಯೂ ನಿಲ್ಲಬೇಕು. ಮೊದಲು ಸದ್ದು, ಆಮೇಲೆ ತಿಂಡಿ, ಈ ಆರ್ಡರ್ ಮುಖ್ಯ, ಉಲ್ಟಾ ಆದ್ರೆ ತಿಂಡಿ ನೋಡಿಯೇ ಹೆದರ್ಲಿಕ್ಕೆ ಶುರು ಮಾಡ್ತಾಳೆ. ದಿನಕ್ಕೆ ಐದು ನಿಮಿಷ ಸಾಕು. ಚಿಕನ್ ತಿನ್ನುವ ನಾಯಿ ಚಿಕನ್ ಬೇಡ ಅಂತು ಅಂದ್ರೆ ಸೌಂಡ್ ಜಾಸ್ತಿ ಆಯ್ತು ಅಂತ ಅರ್ಥ, ಕಮ್ಮಿ ಮಾಡಿ. ಮೊಬೈಲ್ ಸ್ಪೀಕರಲ್ಲಿ ಬೇಸ್ ಬರುದಿಲ್ಲ, ಬ್ಲೂಟೂತ್ ಸ್ಪೀಕರ್ ಇದ್ರೆ ಒಳ್ಳೆದು.

ಸದಸ್ಯ (ಸುರತ್ಕಲ್): ನಮ್ಮದು ಪ್ಯೂರ್ ವೆಜ್ ಮನೆ ಡಾಕ್ಟ್ರೆ, ಎಂತ ಕೊಡುದು?

ಉತ್ತರ: ಪನೀರ್ ತುಂಡು, ಬೇಯಿಸಿದ ಗೆಣಸು. ದಿನದ ಅನ್ನದ ಬಟ್ಟಲಲ್ಲಿ ಸಿಗದ್ದು ಆಗಿರ್ಬೇಕು. ಮೀನು ತಿನ್ನುವ ಮನೆಯವ್ರು ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ ಕೊಡಿ, ಅದಕ್ಕೆ ಮರುಳಾಗದ ನಾಯಿ ಈ ಊರಲ್ಲಿ ಕಮ್ಮಿ. ಒಣಮೀನು ಬೇಡ, ಉಪ್ಪು ವಿಪರೀತ. ನೀರುಳ್ಳಿ, ದ್ರಾಕ್ಷಿ, ಚಾಕಲೇಟ್ ಮುಟ್ಟಿಸ್ಲೇಬೇಡಿ.

ಸದಸ್ಯೆ (ಮಂಗಳೂರು): ನಮ್ಮ ಲ್ಯಾಬ್ರಡಾರ್ ನಾಯಿಗೆ ಎಂಟು ವರ್ಷ, ಇಷ್ಟು ಮಳೆಗಾಲ ಆರಾಮಾಗಿ ಇದ್ದವ ಈಗ ಗುಡುಗಿಗೆ ಬಾತ್‌ರೂಮಿಗೆ ಓಡ್ತಾನೆ.

ಉತ್ತರ: ಇದು ಬೇರೆ ಕೇಸ್, ಮೊದಲು ಸೊಂಟ, ಮೊಣಕಾಲು ಚೆಕ್ ಮಾಡಿಸಿ. ದೊಡ್ಡ ಪ್ರಾಯದಲ್ಲಿ ಒಮ್ಮೆಲೇ ಸದ್ದಿಗೆ ಹೆದರ್ಲಿಕ್ಕೆ ಶುರು ಮಾಡಿದ್ರೆ ಹಿಂದೆ ನೋವು ಇರುವ ಸಾಧ್ಯತೆ ಉಂಟು. 2018ರಲ್ಲಿ ಇಂಗ್ಲೆಂಡಿನ ಲಿಂಕನ್ ಯೂನಿವರ್ಸಿಟಿಯವರ ಜೊತೆ ಬ್ರೆಜಿಲಿನವರು ಸೇರಿ ಮಾಡಿದ ಸ್ಟಡಿಯಲ್ಲಿ ಮೂಳೆ, ಸ್ನಾಯು ನೋವಿದ್ದ ನಾಯಿಗಳಿಗೆ ಈ ಹೆದರಿಕೆ ಉಳಿದ ನಾಯಿಗಳಿಗಿಂತ ತಡವಾಗಿ ಶುರುವಾದದ್ದು ಕಂಡಿತ್ತು. ಸದ್ದಿಗೆ ಮೈ ಬಿಗಿ ಹಿಡಿದಾಗ ನೋವಾಗ್ತದೆ, ಮತ್ತೆ ಸದ್ದೇ ನೋವು ಅಂತ ಆಗ್ತದೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರ ಕೊಡಬೇಡಿ, ನಾಯಿಗೆ ವಿಷ.

ಪ್ರಶ್ನೆ (ಬೊಗ್ಗಿ ಮನೆಯವರು): ಥ್ಯಾಂಕ್ಸ್ ಡಾಕ್ಟ್ರೆ. ದೀಪಾವಳಿಗೆ ಮೊದಲು ಇದೆಲ್ಲ ಕಲಿಸಿ ಮುಗೀದಿದ್ರೆ? ನಿದ್ದೆ ಬರುವ ಮಾತ್ರೆ ಕೊಡಬಹುದಾ?

ಉತ್ತರ: ಮುಗಿಯುದಿಲ್ಲ, ತಿಂಗಳುಗಟ್ಟಲೆ ಬೇಕು. ಮಾತ್ರೆ ಬಗ್ಗೆ ಈಗಲೇ ನಿಮ್ಮ ಡಾಕ್ಟರ ಹತ್ರ ಮಾತಾಡಿ. ಎಸಿಪ್ರೊಮಜಿನ್ ಅಂಬ ಮಂಪರು ಬರಿಸುವ ಮಾತ್ರೆ ಒಂದನ್ನೇ ಕೊಟ್ರೆ ಮೈ ಮಾತ್ರ ಅಲ್ಲಾಡುದಿಲ್ಲ, ಒಳಗಿನ ಹೆದರಿಕೆ ಹಾಗೇ ಇರ್ತದೆ. ಟ್ರಾಜೊಡೋನ್, ಗ್ಯಾಬಾಪೆಂಟಿನ್ ಅಂಬ ಹೆದರಿಕೆ ಕಮ್ಮಿ ಮಾಡುವ ಮಾತ್ರೆಗಳು ಇದಕ್ಕಿಂತ ಒಳ್ಳೆದು, ತೂಕ ನೋಡಿ ಅವರೇ ಡೋಸ್ ಹೇಳ್ಬೇಕು. ಹಬ್ಬಕ್ಕೆ ಮೊದಲೇ ಒಂದು ಗಲಾಟೆ ಇಲ್ಲದ ದಿನ ಕೊಟ್ಟು ಹೇಗೆ ಹಿಡೀತದೆ ನೋಡ್ಬೇಕು. ಕೊಡುದು ಪಟಾಕಿ ಶುರುವಾಗುವ ಮೊದಲು, ನಡುಗ್ಲಿಕ್ಕೆ ಶುರುವಾದ ಮೇಲೆ ಅಲ್ಲ.

ಪಟಾಕಿಗೆ ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10 ಅಂತ ಟೈಮ್ ಇಟ್ಟಿತ್ತು, ಆದ್ರೆ ನಮ್ಮ ಕಡೆ ಎಷ್ಟು ಜನ ಕೇಳ್ತಾರೆ. ಹಾಗಾಗಿ ಸಂಜೆ ಬೆಳಕಿರುವಾಗಲೇ ವಾಕಿಂಗ್, ಊಟ ಎರಡೂ ಮುಗಿಸಿ. ಒಳಗಿನ ಕೋಣೆ, ಕಿಟಕಿ ಹಾಕಿ, ಫ್ಯಾನ್, ಟಿವಿ ಆನ್, ನಿಮ್ಮಲ್ಲಿ ಒಬ್ರು ಅಲ್ಲೇ ಕೂತ್ಕೊಳ್ಳಿ. ಗೇಟ್ ಚಿಲಕ ಎರಡು ಸಲ ನೋಡಿ, ಕಾಲರಲ್ಲಿ ಫೋನ್ ನಂಬರ್ ಇರಲಿ, ಗಾಬರಿಯಲ್ಲಿ ಓಡಿದ ನಾಯಿಗೆ ಮನೆ ದಾರಿ ಗೊತ್ತಾಗುದಿಲ್ಲ. ಅವಳ ತೂಕ ಎಷ್ಟು, ರೇಬಿಸ್ ಇಂಜೆಕ್ಷನ್ ಯಾವಾಗ ಆದದ್ದು ಅಂತ ಬರ್ಕೊಂಡು ಹೋಗಿ, ಡಾಕ್ಟ್ರು ಮೊದಲು ಅದನ್ನೇ ಕೇಳುದು.