ಸಹಾಯ ಬೇಕು: ಬಾಡಿಗೆ ಮನೆ ಅಡ್ವಾನ್ಸ್ ವಾಪಸ್ ಬರುತ್ತಿಲ್ಲ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಅಮ್ಮನ ಪರವಾಗಿ ಕೇಳುತ್ತಿದ್ದೇನೆ. ನಿಟುವಳ್ಳಿಯ ಬಾಡಿಗೆ ಮನೆ ಬಿಟ್ಟು ಏಳು ತಿಂಗಳಾಯ್ತು. ಕೊಟ್ಟಿದ್ದ 60,000 ಅಡ್ವಾನ್ಸ್‌ನಲ್ಲಿ ಒಂದು ರೂಪಾಯಿಯೂ ಬಂದಿಲ್ಲ.

ಮಾಲೀಕರು ಮೊದಲು ಸುಣ್ಣಬಣ್ಣದ ಖರ್ಚು ಅಂದರು. ಆಮೇಲೆ ಹೊಸ ಬಾಡಿಗೆಯವರು ಬರಲಿ ಅಂದರು. ಅವರು ಬಂದು ನಾಲ್ಕು ತಿಂಗಳಾಯ್ತು, ಈಗ ಫೋನೇ ಎತ್ತುತ್ತಿಲ್ಲ. ಠಾಣೆಯಲ್ಲಿ ಇದು ಸಿವಿಲ್ ವಿಷಯ ಅಂದರು. ವಕೀಲರಿಂದ ನೋಟಿಸ್ ಬರೆಸಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆವು. ಸಹಿ ಮಾಡಿ ತಗೊಂಡಿದ್ದಾರೆ, ಉತ್ತರ ಇಲ್ಲ.

ಕೊನೆಗೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರಂತೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಕೇಸ್ ಹಾಕುವ ಮೊದಲೇ ಲೋಕ ಅದಾಲತ್‌ಗೂ ಹೋಗಬಹುದಂತೆ. ಇಷ್ಟು ಕೇಳಿಯೇ ಅಮ್ಮನಿಗೆ ಜೀವ ಬಂದಂತಾಯ್ತು.

ಗೊಂದಲ ಇರುವುದು ಇಲ್ಲಿ. ಕರಾರು ಪತ್ರದಲ್ಲಿ 40,000 ಮಾತ್ರ ಇದೆ. ಉಳಿದ 20,000 ಆಮೇಲೆ ಕೈಯಲ್ಲಿ ಕೊಟ್ಟಿದ್ದು. ಅಮ್ಮನ ಹಾಲಿನ ಲೆಕ್ಕದ ಪುಸ್ತಕದಲ್ಲಿ ಮಾಲೀಕರೇ ಹಸಿರು ಇಂಕಿನಲ್ಲಿ "20 ಸಾವಿರ ಬಂತು" ಅಂತ ಬರೆದು ಸಹಿ ಹಾಕಿದ್ದಾರೆ. ಬೇರೆ ರಸೀದಿ ಇಲ್ಲ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮತ್ತೆ ಮೇಲ್ಮನವಿ ಇಲ್ಲ. ಆತುರಪಟ್ಟು 40,000ಕ್ಕೆ ಒಪ್ಪಿದರೆ ಉಳಿದದ್ದು ಹೋದಂತೆಯೇ ಅಲ್ವಾ? ಅಮ್ಮ ಹೊಲಿಗೆ ಹಾಕಿ ಕೂಡಿಟ್ಟ ದುಡ್ಡು ಅದು.

ಮೊದಲು ಅದಾಲತ್‌ಗೆ ಹೋಗೋದಾ, ಉಚಿತ ವಕೀಲರನ್ನು ಪಡೆದು ನೇರ ದಾವೆ ಹಾಕೋದಾ? ಪುಸ್ತಕದ ಆ ಒಂದು ಸಾಲು ಸಾಕ್ಷಿಯಾಗಿ ನಡೆಯುತ್ತಾ? ಇಲ್ಲಿ ಹೀಗೆ ಅಡ್ವಾನ್ಸ್ ವಾಪಸ್ ಪಡೆದವರಿದ್ದರೆ ದಯವಿಟ್ಟು ತಿಳಿಸಿ.