ಅಪ್‌ಡೇಟ್: ಪ್ರಯೋಗಾಲಯ ಬಿಟ್ಟು ವಿಜ್ಞಾನ ಶಿಕ್ಷಕನಾದ ಮೇಲೆ

ಪ್ರಯೋಗಾಲಯದಲ್ಲಿ 14 ವರ್ಷ ದುಡಿದವನು ಶಾಲೆಯಲ್ಲಿ ವಿಜ್ಞಾನ ಕಲಿಸಲು ಹೋಗಬಹುದೇ ಎಂದು ಹಿಂದೆ ಕೇಳಿದ್ದೆ. ಮೊದಲು ಕೆಲವು ದಿನ ತರಗತಿಯಲ್ಲಿ ಕುಳಿತು ನೋಡಿ ಎಂದವರ ಸಲಹೆಯನ್ನು ಪಾಲಿಸಿದ್ದು ಒಳ್ಳೆಯದಾಯಿತು. ತರಬೇತಿ ಮುಗಿಸಿ ಈಗ ಅರ್ಧ ವರ್ಷ ಪಾಠ ಮಾಡಿದ್ದೇನೆ. ಸಂಬಳ ಇಳಿದಿದೆ, ಅದು ನಿರೀಕ್ಷಿತವೇ. ನಿರೀಕ್ಷಿಸದೇ ಇದ್ದದ್ದು, ವಿಷಯ ತಿಳಿದಿರುವುದಕ್ಕೂ ಅದನ್ನು ಮಕ್ಕಳಿಗೆ ತಿಳಿಯುವಂತೆ ಹೇಳುವುದಕ್ಕೂ ಇರುವ ದೂರ. ಗುಂಡು ಭಾರವಾದಷ್ಟೂ ಲೋಲಕ ಬೇಗ ತೂಗುತ್ತದೆ ಎಂದು ಇಡೀ ತರಗತಿ ಪಟ್ಟು ಹಿಡಿದಾಗ, ಸೂತ್ರ ಬರೆಯುವುದನ್ನು ಬಿಟ್ಟು, 1 ಮೀಟರ್ ಉದ್ದದ ಲೋಲಕಕ್ಕೆ ಮೊದಲು ಮರದ ಗುಂಡನ್ನೂ ಆಮೇಲೆ ಅಷ್ಟೇ ಗಾತ್ರದ ಕಬ್ಬಿಣದ ಗುಂಡನ್ನೂ ಕಟ್ಟಿ ಅವರನ್ನೇ ಎಣಿಸಲು ಹೇಳಿದೆ. ಎರಡು ಸಲವೂ 10 ಆಂದೋಲನಗಳಿಗೆ ಸುಮಾರು 20 ಸೆಕೆಂಡು ಹಿಡಿಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಂಬದೆ, ಎದ್ದು ಬಂದು ದಾರವನ್ನು ತಾನೇ ಅಳೆದಳು. ಗದ್ದಲ ಹತೋಟಿಗೆ ತರುವುದು ಮಾತ್ರ ನನಗೆ ಇನ್ನೂ ಒಲಿದಿಲ್ಲ.